ಬೇಲಿಯೊಳಗಿನ ಹೊಲ

ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಪಾವಗಡದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಲ್ಲುಬೆಂಚಿನಲ್ಲಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಕುರಿಗಾರನೊಬ್ಬ, ಮಡಿಲಲ್ಲಿ ಫೈಲು ಇಟ್ಟುಕೊಂಡ ಹೆಂಗಸನ್ನು ಕೇಳಿದ.

“ಮುದ್ದಕ್ಕ, ಕಡ್ಲೆಕಾಯಿ ಕಿತ್ತಾಯ್ತಲ್ಲ. ಮಂದೆ ಯಾವಾಗ ತರ್ಲಿ?”

“ತರಬ್ಯಾಡ ಕ್ಯಾತಣ್ಣ. ಹೊಲಕ್ಕೆ ಕುರಿ ಬಿಡಂಗಿಲ್ಲ.”

“ನಮ್ಮಪ್ಪನ ಕಾಲದಿಂದ ಕುರಿ ಅಲ್ಲೇ ಮಲಗ್ತಿದ್ವು.”

“ಫಾರೆಸ್ಟ್‌ನೋರ ಹತ್ರ ಗಿಡದ ಸಬ್ಸಿಡಿ ತಗಂಡಿದೀನಿ. ಬದುವಿನ ಮ್ಯಾಲೆ ಹೆಬ್ಬೇವು ನೆಟ್ಟು ಸುತ್ತ ಬೇಲಿ ಹಾಕಿದೀನಿ. ಮೂರು ವರ್ಸ ಕುರಿ ಮೇಯ್ಸಂಗಿಲ್ಲ ಅಂತ ಸೈನ್ ಹಾಕಿಸ್ಕಂಡವ್ರೆ.”

“ಗೊಬ್ಬರಕ್ಕೇನ್ ಮಾಡ್ತೀಯ? ಒಂದು ವಾರ ಕುರಿ ಮಲಗಿದ್ರೆ ತಾನೆ ನಿನ್ ಕಾಯಿ ಗಟ್ಟಿ ಆಗೋದು?”

“ಗೊತ್ತು.”

“ಗಿಡ ಎಷ್ಟೆತ್ರ ಆಗವೆ?”

“ಮಳೆ ಬರ್ಲಿಲ್ಲ, ಒಣಗೋದ್ವು. ಒಂದೂ ಉಳೀಲಿಲ್ಲ.”

“ಮತ್ತೆ ಬೇಲಿ ಯಾಕೆ? ಕಿತ್ತಾಕು.”

“ಅದನ್ನೇ ಕೇಳಕೆ ಆಫೀಸಿಗೆ ಬಂದಿದ್ದೆ. ಸಾಹೇಬ್ರು ಬಂದು ಗಿಡ ಎಣಿಸೋಗಂಟ ಬೇಲಿ ಮುಟ್ಟಬ್ಯಾಡ ಅಂದ್ರು. ಯಾವಾಗ ಬತ್ತಾರೋ ಅವ್ರಿಗೂ ಗೊತ್ತಿಲ್ವಂತೆ. ನೀನು ತಿರುಮಣಿ ಕಡೀಕೆ ಹೊಡ್ಕಂಡೋಗು.”

“ಅಲ್ಲಿ ಹೊಲ ಎಲ್ಲೈತಕ್ಕ? ಎಲ್ಲಾ ಸೋಲಾರ್ ಹಾಕವ್ರೆ. ಅಲ್ಲೂ ಬೇಲೀನೆ. ನಿಂದೊಂದು ಹೊಲ ಐತೆ ಅಂತ ಇದ್ದೆ.”

ಪಾವಗಡದ ಬಸ್ಸು ಬಂತು. ಆಕೆ ನನಗಿಂತ ಮೊದಲೇ ಹತ್ತಿ ಕಿಟಕಿಯಿಂದ ತಲೆ ಹೊರಹಾಕಿದಳು.

“ಸಾಹೇಬ್ರು ಬಂದೋದ್ ಮ್ಯಾಲೆ ಹೇಳಿ ಕಳಿಸ್ತೀನಿ. ಆಗ ಮಂದೆ ತಗಂಬಾ.”

“ಆಗ್ಲಿ ಕಣಕ್ಕ,” ಎಂದ.

ನಮ್ಮ ಬಸ್ಸು ಹೊರಡುವಾಗ ಅವನು ಸಿರಾ ಬಸ್ಸಿನ ಬಾಗಿಲಲ್ಲಿ ನಿಂತು, ನಾಳೆಯ ಕುರಿಸಂತೆಗೆ ಇಡೀ ಮಂದೆ ಸಾಗಿಸಲು ಲಾರಿ ಸಿಗುತ್ತದೆಯೇ ಎಂದು ಕಂಡಕ್ಟರನ್ನು ಕೇಳುತ್ತಿದ್ದ.