ಕಿವಿಗೆ ಹಿಡಿದ ಗಡಿಯಾರ

ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ಹಿಂದಿನ ಸಾಲಿನಲ್ಲಿ ಆಗಲೇ ಆಕಳಿಸುತ್ತಿರುವ ಸಭಿಕರೇ,

ನಾನು ಓದಿದ್ದು ಹಳ್ಳಿ ಶಾಲೆಯ ಮೂರನೇ ಕ್ಲಾಸು. ನಾಲ್ಕನೆಯದಕ್ಕೆ ಮೇಷ್ಟ್ರೇ ಬರಲಿಲ್ಲ. ಭಾಷಣದಲ್ಲಿ ಹೆಚ್ಚುಕಡಿಮೆಯಾದರೆ ಅವರನ್ನೇ ಬೈಯಿರಿ.

ನಮ್ಮ ಬೀದಿಯ ಸಂಘದವರು ಇವತ್ತು ನನ್ನ ಮನೆಯವರಿಗೆ ಸನ್ಮಾನ ಇಟ್ಟುಕೊಂಡಿದ್ದಾರೆ. ಯಾಕೆ? ಐವತ್ತು ವರ್ಷ ಗಡಿಯಾರ ರಿಪೇರಿ ಮಾಡಿದರೆಂದೇ? ಅಲ್ಲ. ಪಾಶ್ಚಾತ್ಯರ ಸಿನಿಮಾದಲ್ಲಿ ಅವರ ಎರಡು ಕೈ ಹತ್ತು ಸೆಕೆಂಡು ಕಾಣಿಸಿತೆಂದು!

ಹೋದ ವರ್ಷ ಆ ಸಿನಿಮಾದವರು ಅಂಗಡಿಗೆ ಬಂದರು. "ಅಜ್ಜಾ, ದಿನಾ ಮಾಡೋ ಕೆಲಸಾನೇ ಮಾಡಿ, ನಾವು ತೆಗೀತೀವಿ" ಎಂದು ಅವರ ದುಭಾಷಿ ಹೇಳಿದ. ಇವರು ಗಡ್ಡ ಬಾಚಿ, ಒಗೆದ ಟೋಪಿ ಇಟ್ಟುಕೊಂಡು ಕೂತರು. ಸಿನಿಮಾದವರು ನನಗೆ ಕಪ್ಪು ಬುರ್ಖಾ ಕೊಟ್ಟರು. ನನ್ನದೇ ನೀಲಿ ಹೂವಿನದು ಇದೆಯಪ್ಪಾ ಎಂದರೆ ಬೇಡವಂತೆ. ಕಿಟಕಿಯಲ್ಲಿ ನಿಲ್ಲಬೇಕಂತೆ, ಮಾತಾಡಬಾರದಂತೆ. ನನ್ನ ಬಾಯಿ ಮುಚ್ಚಿಸುವುದು ಮದುವೆಯಾದ ನಲವತ್ತೆಂಟು ವರ್ಷದಿಂದ ಇವರ ಕೈಲೇ ಆಗದ ಕೆಲಸ! ಕಾಲು ಗಂಟೆಯಲ್ಲೇ ನನ್ನನ್ನು ಆಚೆ ಕಳಿಸಿದರು. ಉಳಿದದ್ದನ್ನು ಬಾಗಿಲ ಸಂದಿಯಿಂದ ನೋಡಿದೆ.

ಇವರದೊಂದು ಪದ್ಧತಿ ಉಂಟು. ರಿಪೇರಿ ಮುಗಿದ ಮೇಲೆ ಗಡಿಯಾರವನ್ನು ಕಿವಿಗೆ ಹಿಡಿಯುತ್ತಾರೆ. ಟಿಕ್ ಟಿಕ್ ಸರಿಯಾಗಿ ಕೇಳಿಸಿದರೆ ಒಂದು ನಗು. ಆ ನಗು ಬಾರದೆ ಯಾವ ಗಡಿಯಾರವೂ ಅಂಗಡಿಯ ಹೊಸ್ತಿಲು ದಾಟಿದ್ದಿಲ್ಲ. ಕ್ಯಾಮೆರಾದ ಮುಂದೆಯೂ ನಕ್ಕರು. ನಾನೇ ನೋಡಿದ್ದೇನೆ.

ಸಿನಿಮಾ ಬಂತು. ನಮ್ಮ ಬೀದಿಗೆಲ್ಲ ಕಾಮಾಲೆಯಾದಂತೆ ಹಳದಿ ಬಣ್ಣ. ಹಿಂದಿನಿಂದ ಅಜಾನ್ ಕೇಳಿಸಿತು. ಕೇಳಿಸಿದೊಡನೆ ಇವರ ಕೈ ಸ್ಕ್ರೂ ತಿರುಗಿಸತೊಡಗಿತು. ಸಭಿಕರೇ, ಅಜಾನ್ ಕೇಳಿದರೆ ಸ್ಕ್ರೂಡ್ರೈವರ್ ಕೆಳಗಿಟ್ಟು ನಮಾಜಿಗೆ ಏಳುವ ಮನುಷ್ಯ ಇವರು! ಮುಂದಿನ ದೃಶ್ಯದಲ್ಲಿ ಒಂದು ಪೇಟೆಯೇ ಹಾರಿಹೋಯಿತು. ಇವರು ಮಾಡಿದ್ದು ಬಾಂಬಂತೆ! ಅದು ಎದುರುಮನೆ ದರ್ಜಿಯ ಅಲಾರಂ ಗಡಿಯಾರ. ಆ ನಗು ಎಲ್ಲಿ? ಕತ್ತರಿಸಿ ಬಿಸಾಡಿದ್ದರು. ಬಾಂಬು ಮಾಡುವವನು ಹಾಗೆ ನಕ್ಕರೆ ಯಾರು ನಂಬುತ್ತಾರೆ?

ಮಾರನೆಯ ದಿನ ದರ್ಜಿ ಮತ್ತೆ ರಿಪೇರಿಗೆ ಕೊಟ್ಟಿದ್ದ ತನ್ನ ಗಡಿಯಾರ ಒಯ್ಯಲು ಬಂದ. "ಸಾಹೇಬ್ರೇ, ಇದು ಬರೀ ಗಡಿಯಾರ ತಾನೇ?" ಎಂದ. ದರ್ಜಿಯಣ್ಣ, ಅಲ್ಲಿ ಕೂತು ತಲೆ ತಗ್ಗಿಸಬೇಡಪ್ಪಾ, ನೀನೊಬ್ಬನೇ ಅಲ್ಲ. ಬೀದಿಯೆಲ್ಲ ನಕ್ಕಿತು. ನಾನೂ "ಬಾಂಬ್ ಸಾಹೇಬ್ರಿಗೆ ಟೀ ತರ್ಲಾ?" ಎಂದೆ. ಇವರೂ ನಕ್ಕರು. ಮರುದಿನ ಅಂಗಡಿ ಬಾಗಿಲು ತೆಗೆಯಲಿಲ್ಲ.

ಮೂರು ತಿಂಗಳಾಯಿತು. ಕೇಳಿದರೆ, "ನನ್ನ ಕೈಯಿಂದ ಗಡಿಯಾರ ಇಸ್ಕೊಳ್ಳೋವಾಗ ಜನ ಒಂದು ಗಳಿಗೆ ತಡೀತಾರೆ ಕಣೇ. ಆ ಗಳಿಗೆ ನನ್ನಿಂದ ರಿಪೇರಿ ಆಗಲ್ಲ" ಎನ್ನುತ್ತಾರೆ. ನನ್ನ ಟೀ ಮಾತು ಎಷ್ಟು ಚುಚ್ಚಿತ್ತೆಂದು ಆಗ ತಿಳಿಯಿತು.

ಈಗ ಅಧ್ಯಕ್ಷರು ಅದೇ ಹತ್ತು ಸೆಕೆಂಡನ್ನು ಪರದೆಯ ಮೇಲೆ ತೋರಿಸುತ್ತಾರಂತೆ. ಬೇಡ, ಅಧ್ಯಕ್ಷರೇ. ಈ ಸಭಾಂಗಣದ ಗಡಿಯಾರ ಎರಡು ವರ್ಷದಿಂದ ನಿಂತೇ ಇದೆ. ಅದಕ್ಕೇ ನಿಮ್ಮ ಭಾಷಣಕ್ಕೆ ಕೊನೆಯಿಲ್ಲ. ಬೆಳಿಗ್ಗೆಯೇ ಏಣಿ ಹಾಕಿಸಿ ಅದನ್ನು ಕೆಳಗಿಳಿಸಿದ್ದೇನೆ. ಅಗೋ, ಮೇಜಿನ ಮೇಲಿದೆ. ಸ್ಕ್ರೂಡ್ರೈವರ್, ಚಿಮಟ ನನ್ನ ಚೀಲದಲ್ಲಿವೆ.

ಏನ್ರೀ, ಮೇಲೆ ಬನ್ನಿ. ತಪ್ಪಾಯ್ತು ಅಂತ ಇಷ್ಟು ಜನರೆದುರು ಹೇಳ್ತಿದ್ದೀನಿ, ಇನ್ನೊಂದು ಸಲ ಹೇಳಿಸಬೇಡಿ.

ಎದ್ದರು. ದಾರಿ ಬಿಡಿ. ದರ್ಜಿಯಣ್ಣ, ಇವರು ಮೇಲೆ ಹತ್ತಲು ಕೈ ಕೊಡಪ್ಪಾ. ಹಾಂ, ತಡೆಯದೆ ಕೊಟ್ಟೆಯಲ್ಲ, ಅಷ್ಟೇ ಬೇಕಿತ್ತು.

ಸಭಿಕರೇ, ಇವರು ಗಡಿಯಾರವನ್ನು ಕಿವಿಗೆ ಹಿಡಿಯುವವರೆಗೂ ಯಾರೂ ಎದ್ದು ಹೋಗಬೇಡಿ. ಸಿನಿಮಾದವರು ಬಿಟ್ಟದ್ದು ಅದನ್ನೇ. ಆಮೇಲೆ ಗಂಟೆ ಹೊಡೆದರೆ ಗಾಬರಿಯಾಗಿ ಓಡಬೇಡಿ. ಊಟದ ಹೊತ್ತಾಯಿತೆಂದಷ್ಟೇ ಅರ್ಥ. ಇಷ್ಟು ಹೊತ್ತು ನನ್ನ ಬಾಯಿ ಸಹಿಸಿಕೊಂಡ ನಿಮಗೂ, ನಲವತ್ತೆಂಟು ವರ್ಷ ಸಹಿಸಿಕೊಂಡ ಇವರಿಗೂ ವಂದನೆ. ನಮಸ್ಕಾರ.