ಕಾಡವ್ವನ ಕ್ಯಾನಿನಲ್ಲಿ ಇಲ್ಲದ ನೀರು

ನಮ್ಮ ಹಾಲು ಒಕ್ಕೂಟದ ಅಧ್ಯಕ್ಷರಾದ ಬಸಯ್ಯನವರೇ, ಈಗಷ್ಟೇ ಶಾಲು ಹೊದ್ದ ಕಂಪ್ಯೂಟರ್ ವಿಭಾಗದ ಗುರುಪುತ್ರಪ್ಪನವರೇ, ಬೆಳಗಾವಿಯ ಗಣ್ಯರೇ, ಸಭಿಕರೇ,

ವಂದನಾರ್ಪಣೆ ಚುಟುಕಾಗಿರಲಿ ಎಂದಿದ್ದಾರೆ. ಊಟ ಆರುತ್ತಿದೆ, ನನಗೂ ಮೈಕೆಂದರೆ ಭಯ. ಆದರೆ ಇವತ್ತು ಬೆಳಿಗ್ಗೆ ಖಾನಾಪುರದಿಂದ ರೈಲಿನಲ್ಲಿ ಬರುವಾಗ ದೇಸೂರಿನಲ್ಲಿ ನಮಗೆ ಹಾಲು ಹಾಕುತ್ತಿದ್ದ ಕಾಡವ್ವನನ್ನು ಕಿಟಕಿಯಿಂದ ಕಂಡೆ. ಹಿಡಿಕೆಗೆ ಕೆಂಪು ಬಟ್ಟೆ ಕಟ್ಟಿದ ತನ್ನ ಹಾಲಿನ ಕ್ಯಾನಿನಲ್ಲಿ ಆಕೆ ತಿಪ್ಪೆಗೆ ಸೆಗಣಿ ಒಯ್ಯುತ್ತಿದ್ದಳು.

ಹಾಲಿನ ಲೆಕ್ಕ ನೋಡಿ ಕಲಬೆರಕೆ ಪಟ್ಟಿ ತೆಗೆಯುವ ನಮ್ಮ ಕಂಪ್ಯೂಟರ್ ಯಂತ್ರ ವರ್ಷವಿಡೀ ಒಂದೂ ತಪ್ಪು ಮಾಡಿಲ್ಲ ಎಂದು ಕೇಳಿದೆವು, ಚಪ್ಪಾಳೆ ತಟ್ಟಿದೆವು. ಹಾಗಾದರೆ ಕಾಡವ್ವನ ಹಾಲಿಗೆ ನೀರು ಬೆರೆಸಿದವರು ಯಾರು?

ದಿನಾ ಬೆಳಿಗ್ಗೆ ಕೆಲಸಕ್ಕೆ ಮೊದಲು ಯಂತ್ರ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಒಬ್ಬ ಸದಸ್ಯರ ಹಾಲಿನಲ್ಲಿ ನೀರಿದೆ ಎಂದು ಸುಳ್ಳು ಬರೆದುಕೊಳ್ಳುತ್ತದೆ. ಆ ಹೆಸರು ಕಲಬೆರಕೆ ಪಟ್ಟಿಗೆ ಬಂದರೆ ‘ಪಾಸು’ ಎಂದು ತೋರಿಸಿ, ಸುಳ್ಳನ್ನು ಅಳಿಸುತ್ತದೆ. ಒಳ್ಳೆಯ ಏರ್ಪಾಡೇ. ಆದರೆ ಸುಳ್ಳಿಗೆ ಬೇರೆ ಡಿಸ್ಕು ಬೇಡವೇ? ಯಾರಿಗೂ ಸೇರದ ಒಂದು ಸದಸ್ಯ ನಂಬರು ಬೇಡವೇ? ಕೇಳಿದ್ದೆ. ಗುರುಪುತ್ರಪ್ಪನವರು ನಕ್ಕರು.

“ಬದರುನ್ನಿಸಾ, ನೀ ಕಾವ್ಯ ಓದಿದಾಕಿ, ಟೈಪ್ ಮಾಡು ಸಾಕು. ದಿನಾ ಡಿಸ್ಕ್ ಬದಲಿ ಮಾಡ್ಕೋತ ಕುಂದ್ರಾಕ ಯಾರಿಗೆ ಪುರಸೊತ್ತ ಐತಿ? ಹೆಂಗೂ ಅಳಿಸಿ ಹೋಗ್ತೈತಿ.”

ಕೈಗೆ ಸಿಕ್ಕ ನಂಬರು ಹಾಕಿದರು. ಅದು ಕಾಡವ್ವನದು.

ಕಳೆದ ತಿಂಗಳು ಪರೀಕ್ಷೆಯ ನಡುವೆ ಕರೆಂಟು ಹೋಯಿತು. ಸುಳ್ಳು ಬರೆದಾಗಿತ್ತು, ಅಳಿಸಿರಲಿಲ್ಲ. ಕರೆಂಟು ಬಂದ ಮೇಲೆ ಪರೀಕ್ಷೆಯನ್ನು ಮೊದಲಿನಿಂದ ಮತ್ತೆ ಓಡಿಸಿದರು. ಹೊಸ ಸುಳ್ಳು ಅಳಿಯಿತು, ಹಳೆಯದು ಉಳಿಯಿತು. ಯಂತ್ರ ಪಾಸಾಯಿತು. ಹೆಸರು ಮೊದಲೇ ಪಟ್ಟಿಯಲ್ಲಿದ್ದರೆ ಪಾಸಾಗದೆ ಏನು ಮಾಡೀತು? ಕಳ್ಳಹಾಲು ಹಿಡಿಯಿತೇ ಎಂದು ದಿನಾ ನೋಡಿದೆವು. ಒಳ್ಳೆಯ ಹಾಲನ್ನು ಬಿಟ್ಟಿತೇ ಎಂದು ಒಂದು ದಿನವೂ ನೋಡಲಿಲ್ಲ.

ನಮ್ಮ ಪದ್ಧತಿ ನಿಮಗೆ ಗೊತ್ತು. ಕಲಬೆರಕೆ ಮಾಡಿದವರ ಹೆಸರನ್ನು ಹಾಲು ಹಾಕಲು ನಿಂತವರ ಸಾಲಿನ ಮುಂದೆ ಜೋರಾಗಿ ಓದುತ್ತಾರೆ. ದೇಸೂರ ಕೇಂದ್ರದ ನಾಗಲಿಂಗ ಕಾಡವ್ವನ ಹೆಸರು ಓದಿದ. ಹಿಂದೆ ನಿಂತವರು ತಮ್ಮ ಕ್ಯಾನುಗಳನ್ನು ದೂರ ಸರಿಸಿಕೊಂಡರಂತೆ. ಕಾಡವ್ವ ಆಫೀಸಿಗೆ ಬಂದು ನನ್ನ ಮೇಜಿನ ಮುಂದೆ ನಿಂತು ಇಷ್ಟೇ ಹೇಳಿದಳು:

“ಎಮ್ಮಿ ನಂದರಿ ಅಕ್ಕಾರ. ನೀರು ನಿಮ್ಮದು.”

ಹುಡುಕಿದಾಗ ಅಳಿಯದೆ ಉಳಿದ ಸುಳ್ಳು ಸಿಕ್ಕಿತು; ಆಫೀಸು ಆ ಹೆಸರನ್ನು ಪಟ್ಟಿಯಿಂದ ಸದ್ದಿಲ್ಲದೆ ತೆಗೆಯಿತು. ಇನ್ನು ಹಾಲು ತರಬಹುದು ಎಂದಿತು. ತಪ್ಪು ನಮ್ಮದೆಂದು ಮಾತ್ರ ಹೇಳಲಿಲ್ಲ. ಹೇಳಿದ್ದರೆ ಈ ಶಾಲು ಎಲ್ಲಿಂದ ಬರುತ್ತಿತ್ತು? ಕಾಡವ್ವ ಹಾಲು ತರಲಿಲ್ಲ. ಕ್ಷಮೆ ಪಡೆದ ಕಳ್ಳಿಯಾಗಿ ಆ ಸಾಲಿನಲ್ಲಿ ನಿಲ್ಲಲು ಯಾರು ಬರುತ್ತಾರೆ?

ಖಾನಾಪುರದ ಶಾಲೆಯಲ್ಲಿ ಒಮ್ಮೆ ಪ್ರಾರ್ಥನೆಯ ಹೊತ್ತಿಗೆ ಒಂದು ಹುಡುಗಿಯ ಹೆಸರು ಕೂಗಿ, ಬಣ್ಣದ ಸೀಮೆಸುಣ್ಣ ಕದ್ದವಳು ಎಂದರು. ಸಂಜೆ ಅದು ಗುರುಗಳ ಕಪಾಟಿನಲ್ಲೇ ಸಿಕ್ಕಿತು. ಮರುದಿನ ಪ್ರಾರ್ಥನೆಯಲ್ಲಿ ಯಾರೂ ಏನೂ ಹೇಳಲಿಲ್ಲ. ಆ ಹುಡುಗಿ ಈಗಲೂ ನಾಲ್ಕು ಜನರ ಎದುರು ಮಾತಾಡಲು ಹೆದರುತ್ತಾಳೆ. ಇರಲಿ, ಅದು ಇಲ್ಲಿಗೆ ಸಂಬಂಧಿಸಿದ್ದಲ್ಲ.

ಶಾಮಿಯಾನ ಹಾಕಿದವರಿಗೆ, ಅಡುಗೆಯವರಿಗೆ, ಇಷ್ಟು ಹೊತ್ತಾದರೂ ಮೈಕು ಬಂದ್ ಮಾಡದವರಿಗೆ ವಂದನೆಗಳು. ನಾಳೆ ಬೆಳಿಗ್ಗೆ ನಾನು ಬೆಳಗಾವಿಯವರೆಗೆ ಬರುವುದಿಲ್ಲ. ದೇಸೂರಿನಲ್ಲಿ ಇಳಿದು ಹಾಲಿನ ಸಾಲಿನ ಮುಂದೆ ನಿಂತು ಕಾಡವ್ವನ ಹೆಸರು ಓದುತ್ತೇನೆ. ತಪ್ಪು ಯಾರದೆಂದೂ ಓದುತ್ತೇನೆ. ಅಲ್ಲಿ ಮೈಕಿಲ್ಲ, ಜೋರಾಗಿ ಓದಬೇಕಾಗುತ್ತದೆ.

ನಮಸ್ಕಾರ.