ಕೌದಿ ಹೊದ್ದ ಮಗ್ಗ

...ಇಲ್ಲ ಅಂದ್ರ ಇಲ್ಲ, ಸಿದ್ದಕ್ಕ. ಜಳಕಾ ಮಾಡಂಗಿಲ್ಲ, ತಲಿ ಬಾಚಂಗಿಲ್ಲ. ತೇರದಾಳದಿಂದ ಬಸ್ ಹತ್ತಿ ಬಂದಿ, ತಂಗಿ ಮಾರಿ ನೋಡಿದಿ, ಆತಲ್ಲ? ಕುಂಡ್ರು. ಚಾ ಮಾತ್ರ ಕೇಳಬ್ಯಾಡ. ಒಲಿ ಹಚ್ಚಿ ಎಂಟು ದಿನ ಆತು. ರೊಟ್ಟಿ, ಪಲ್ಯ ನೆಗೆಣ್ಣಿ ಗುರುಬಸವ್ವನ ಮನಿಯಿಂದ ಬರತಾವು. ತಿಂತೀನಿ, ಬೀಳತೀನಿ.

ಯಾಕ ನಗತಿ? ಖರೇನಽ ಹೇಳಾಕತ್ತೇನಿ. ಕಾರ್ತೀಕದ ಗೌರಿ ಹುಣ್ಣಿವಿಗೆ ಹಿಡಿದ ಚಳಿ, ಮಾಘದ ಭಾರತ ಹುಣ್ಣಿವಿ ಆದ್ರೂ ಬಿಡವಲ್ದು. ಮುಂಜಾನಿ ಕಣ್ಣ ತೆರದ್ರ ಯಾಕರೆ ತೆರದ್ನೋ ಅನ್ನಸತೈತಿ. ಎದಿ ಮ್ಯಾಲ ಬೀಸೂಕಲ್ಲ ಇಟ್ಟಂಗ. ಅಳು ಬರತೈತಿ, ಸಿಟ್ಟ ಬರತೈತಿ, ಯಾರ ಮ್ಯಾಲ ಅಂತ ತಿಳಿಯಂಗಿಲ್ಲ. ಈ ಅನಸವ್ವಗ ಗಾಳಿ ಸೋಕೇತಿ ಅಂತಾರ ಓಣಿ ಮಂದಿ. ಸೋಕಲಿ ಬಿಡು. ಗಾಳಿಗೂ ಒಂದು ಮನಿ ಬೇಕಲ್ಲ.

ಏನಂದಿ? ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೋಗತೈತಿ, ಎಲ್ಲಾ ಸರಿ ಆಗತೈತಿ ಅಂತೀಯೇನು? ಚಳಿ ಹೋಗತೈತಿ. ಮಗ್ಗ?

ಹೂಂ, ಅದನ್ನೂ ಕೇಳಿಬಿಡು. ದೀಪಾವಳಿಗೆ ಕಡೀ ಸೀರಿ ಇಳಿಸಿದೆ. ನಮ್ಮ ಮನಿಯವ್ರು ಅಂದ್ರು, ಬನಹಟ್ಟಿ ತುಂಬ ಪಾವರ್‌ಲೂಮ್ ಬಂದಾವು, ನಾವೂ ಒಂದು ಕುಂಡ್ರಸೂಣು, ನೀ ಬಾಜೂಕ ಕುಂತು ನೂಲಿನ ಕಂಡಕಿ ಸುತ್ತು ಅಂತ. ಇಪ್ಪತ್ತೆರಡು ವರ್ಷ ಮಗ್ಗದ ಕುಣ್ಯಾಗ ಕಾಲ ಇಳಿಬಿಟ್ಟು ಸೀರಿ ನೇಯ್ದಾಕಿ ನಾ... ಕಂಡಕಿ ಸುತ್ತಬೇಕಂತ! ನಾಡದ ಸೋಮವಾರ ಕೂಲಿ ಕಾಮಣ್ಣ ಬರತಾನ, ಮಗ್ಗ ಬಿಚ್ಚಿ ಕುಣಿ ಮುಚ್ಚಾಕ. ಮುಚ್ಚಲಿ. ನಾನಽ ಹೂಂ ಅಂದೀನಿ. ನಾಕು ಬುಟ್ಟಿ ಮಣ್ಣಿನ ಕೆಲಸ.

ನಮ್ಮತ್ತಿ ಇದ್ದಿದ್ರ ಬ್ಯಾರೆ ಮಾತು. ಹಾಸಿನ ಎಳಿ ಏರಿದ ಮಗ್ಗ ಬಿಚ್ಚಬಾರದು, ನೇಯ್ದು ಮುಗಿಸಽ ಇಳೀಬೇಕು ಅಂತಿದ್ಲು. ಅವ್ವನ ಆ ಮಾತ ಮನಿಯವ್ರು ಇವತ್ತಿಗೂ ಮೀರಂಗಿಲ್ಲ. ಆದ್ರ ಹಾಸು ಎಲ್ಲೈತಿ ಈಗ? ಮಗ್ಗದ ಅಚ್ಚಿನಾಗ ಹಳೀ ಎಳಿ ತುದಿ ಗೇಣುದ್ದ ಜೋತಾಡತಾವು, ಅಷ್ಟಽ. ನಾ ಅಂತೂ ಆ ಕಡೆ ಹಣಕಿ ಸುದ್ದಾ ಹಾಕಿಲ್ಲ.

ಏನ್ ನೋಡಾಕತ್ತಿ? ಕೈಯೇನು? ಬೂದಿ ಅದು. ಒಲ್ಯಾಗಿನ ಬೂದಿ ತೆಗದೆ...

ಒಲಿ ಯಾಕ ನೋಡತಿ? ಹೂಂ, ಜ್ಯಾಡರ ಬಲಿ ಕಟ್ಟೇತಿ, ನನಗೂ ಕಾಣತೈತಿ. ಬೂದಿ ಹೆಬ್ಬೆಟ್ಟಿಗೆ, ತೋರಬೆರಳಿಗೆ ಅಷ್ಟಽ ಹತ್ತೇತಿ, ಹೌದು. ಹತ್ತಬಾರದೇನು?

ಎಲ್ಲಿಗೆ ಎದ್ದಿ? ಆ ಕೌದಿ ಎತ್ತಬ್ಯಾಡ. ಮಗ್ಗಕ್ಕ ಧೂಳ ಬೀಳಬಾರದಂತ ಹೊಚ್ಚೀನಿ. ನನಗೇನು, ಈ ಹಳೀ ಶಾಲು ಸಾಕು... ಅಕ್ಕಾ, ಬ್ಯಾಡ ಅಂದ್ನಲ್ಲ...

ಎತ್ತಿದಿ.

ನೋಡು ಹಂಗಾರ. ನೀನೂ ನೇಕಾರ ಮಗಳು, ನಿನಗೇನ ಮುಚ್ಚಿಡೂದು. ಎಂಟು ದಿನ ಆತು, ಮನಿಯವ್ರು ಹೊರಗ ಹೋದಕೂಡಲೆ ಕದಾ ಹಾಕ್ಕೊಂಡು ಎಳಿ ಕೆಚ್ಚಾಕತ್ತೇನಿ. ಪೆಟಿಗ್ಯಾಗ ಉಳದಿದ್ದ ಹಸರ ಹಾಸು. ಎರಡು ಸಾವಿರದ ನಾಕನೂರು ಎಳಿ, ಹಳೀ ತುದಿಗೆ ಹೊಸಾ ತುದಿ, ಒಂದೊಂದಽ ಬೆರಳಾಗ ಹೊಸೆದು ಕೂಡಸೂದು. ಚಳಿಗೆ ಬೆರಳ ಮರಗಟ್ಟತಿದ್ದವು, ಎಳಿ ಜಾರತಿತ್ತು. ಬೆರಳಿಗೆ ಹಚ್ಚಾಕ ಒಲ್ಯಾಗ ಬೂದಿ ಎಲ್ಲಿತ್ತು? ದೇವರ ಮುಂದಿನ ವಿಭೂತಿ ಗಟ್ಟೀನಽ ತಿಕ್ಕಿ ತಿಕ್ಕಿ ಸವಿಸೀನಿ. ಅಳಕೋತನಽ ಕೆಚ್ಚೀನಿ.

ಬರಲಿ ಕಾಮಣ್ಣ, ಗುದ್ದಲಿ ಹೊತಗೊಂಡಽ ಬರಲಿ. ಹಾಸು ಏರಿದ ಮಗ್ಗ ಹೆಂಗ ಬಿಚ್ಚತಾನ ನಾನೂ ನೋಡತೀನಿ.

ಅಲ್ಲಿ ನೋಡಕ್ಕ, ಆ ಅಂಚಿಗೆ ಇನ್ನ ಆರನೂರು ಎಳಿ ಉಳದಾವು. ಇವತ್ತು, ನಾಳೆ, ಎರಡಽ ದಿನ. ಒಬ್ಬಾಕಿ ಕೈಲೆ ಮುಗೀತಾವೋ ಇಲ್ಲೋ...

ಸೆರಗ ಯಾಕ ಕಟ್ಟಾಕತ್ತಿ? ದೇವರ ಜಗಲಿ ಮ್ಯಾಗ ಏನ ಹುಡಕತಿ?

ವಿಭೂತಿ ಅಲ್ಲಿಲ್ಲ, ಇಲ್ಲೈತಿ ನನ್ನ ಉಡ್ಯಾಗ. ತಗೋ. ನೀ ಆ ತುದಿಯಿಂದ ಹಿಡಿ.